ಮಳೆ ಬಂದ ರಾತ್ರಿ ಕುದಾಪುರದ ಕಪ್ಪೆಗಳು

ಚಳ್ಳಕೆರೆ ಸೀಮೆಯ ಕಪ್ಪೆ ಬಗ್ಗೆ ಬರೀತೀವಿ ಅಂದಾಗ ಮಲೆನಾಡಿನ ಗೆಳೆಯರು ನಕ್ಕರು. ನಗಲಿ ಬಿಡಿ. ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳೋ ಕಡೆ ಚಳ್ಳಕೆರೆ, ಮೊಳಕಾಲ್ಮೂರು ಹೆಸರು ಇದ್ದೇ ಇರುತ್ತೆ. ಕೆರೆ ಕೋಡಿ ಬಿದ್ದ ವರ್ಷವನ್ನು ಮಕ್ಕಳ ಹುಟ್ಟಿದ ವರ್ಷದ ಹಾಗೆ ನೆನಪಿಟ್ಟುಕೊಳ್ಳೋ ಊರುಗಳಿವು. ಪಕ್ಕದ ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು, ಆಮೇಲೆ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಇಂಥ ನೆಲದಲ್ಲಿ ಚರ್ಮ ಒಣಗಿದರೆ ಸತ್ತೇ ಹೋಗೋ ಪ್ರಾಣಿಗೆ ಏನು ಕೆಲಸ ಅನ್ನೋದು ನ್ಯಾಯವಾದ ಪ್ರಶ್ನೆಯೇ.

ನಾವು ನಾಲ್ಕು ಜನ ಪತ್ರಿಕೋದ್ಯಮ ಓದಿ ಊರಿಗೆ ಮರಳಿದವರು. ಕುದಾಪುರ ಅಂದರೆ ನಮಗೆ ಇಷ್ಟು ದಿನ ಒಂದೇ ಬಗೆಯ ಸುದ್ದಿ: ಕಾವಲು, ಕಾಂಪೌಂಡು, ಎಕರೆ ಲೆಕ್ಕ. ಮೈಸೂರು ಒಡೆಯರ ಕಾಲದ ಬೆಣ್ಣೆ ಚಾವಡಿಯ ದನಗಳಿಗೆ, ಟಿಪ್ಪು ಕಾಲಕ್ಕೆ ಅಮೃತ ಮಹಲ್ ಅಂತ ಹೆಸರು ಪಡೆದ ಆ ದನಗಳಿಗೆ ಮೀಸಲಾಗಿದ್ದ ಹುಲ್ಲುಗಾವಲು ಇದು. ಇಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಸುಮಾರು 1,500 ಎಕರೆ ಹೋಯಿತು. ಆಚೆ ವರವು ಕಾವಲಿನಲ್ಲಿ ಡಿಆರ್‌ಡಿಒದ ವಿಮಾನ ಪರೀಕ್ಷಾ ಕೇಂದ್ರ ಬಂತು, 2017ರಲ್ಲಿ ಉದ್ಘಾಟನೆಯೂ ಆಯಿತು. ಉಳ್ಳಾರ್ತಿ ಕಡೆ ಅಣು ಸಂಶೋಧನೆಯವರು. ಕುರಿ ದನ ಮೇಯಿಸುವವರ ಹೋರಾಟ ಹಸಿರು ನ್ಯಾಯಮಂಡಳಿವರೆಗೂ ಹೋಗಿದ್ದು ನಿಮಗೆಲ್ಲ ಗೊತ್ತು. ಅದನ್ನೆಲ್ಲ ಬರೆದಿದ್ದೇವೆ, ಮುಂದೆಯೂ ಬರೆಯುತ್ತೇವೆ. ಇವತ್ತಿನದು ಆ ನೆಲದ ಕೆಳಗೆ ಇರುವವರ ವಿಷಯ.

ಮೇ ತಿಂಗಳಲ್ಲಿ ಕೃತ್ತಿಕೆ ಮಳೆ ಒಂದು ಸಂಜೆ ಗುಡುಗು ಸಿಡಿಲಿನ ಜೊತೆ ಹೊಡೆಯಿತು. ಒಂದೂವರೆ ತಾಸು ಅಷ್ಟೇ. ಕರೆಂಟು ಹೋಗಿತ್ತು. ನಾಯಕನಹಟ್ಟಿ ಕಡೆಯಿಂದ ಬೈಕಿನಲ್ಲಿ ಬರುತ್ತಿದ್ದ ನಮಗೆ ಕಾವಲಿನ ಅಂಚಲ್ಲಿ ಡೀಸೆಲ್ ಪಂಪು ಓಡ್ತಿರೋ ಹಾಗೆ ಸದ್ದು ಕೇಳಿತು. ಗಾಡಿ ನಿಲ್ಲಿಸಿ ಕಿವಿಗೊಟ್ಟರೆ ಪಂಪು ಒಂದಲ್ಲ, ನೂರು. ಬಂಡಿ ಜಾಡಿನಲ್ಲಿ, ಮಣ್ಣು ತೆಗೆದ ಗುಂಡಿಯಲ್ಲಿ, ಎಲ್ಲಿ ಮೊಣಕಾಲುದ್ದ ಕೆಂಪು ನೀರು ನಿಂತಿದೆಯೋ ಅಲ್ಲೆಲ್ಲ ಗಂಟಲು ಉಬ್ಬಿಸಿಕೊಂಡು ಕೂಗುವ ಕಪ್ಪೆಗಳು. ಬೆಳಿಗ್ಗೆ ಅದೇ ಜಾಗದಲ್ಲಿ ಧೂಳು ಹಾರುತ್ತಿತ್ತು.

ಕಂಬಳಿ ಹೊದ್ದು ಕುರಿಹಟ್ಟಿ ಕಾಯ್ತಿದ್ದ ತಾತ ನಮ್ಮ ಮೊಬೈಲ್ ಬೆಳಕು ನೋಡಿ ಹತ್ತಿರ ಬಂದರು.

"ಏನ್ರಪ್ಪಾ, ಕಪ್ಪೆ ಹಿಡಿಯಾಕೆ ಬಂದೀರಾ?"

"ಇಲ್ಲ ತಾತ, ಸುಮ್ನೆ ನೋಡಾಕೆ. ಇಷ್ಟೊಂದು ಎಲ್ಲಿಂದ ಬಂದ್ವು?"

"ಎಲ್ಲಿಂದಾನೂ ಬಂದಿಲ್ಲ. ಇಲ್ಲೇ ಇದ್ವು, ನಿನ್ನ ಕಾಲ ಕೆಳಗೆ. ಗುಡುಗು ಕೇಳಿದ್ವು, ಎದ್ದು ಬಂದ್ವು. ಗುಡುಗಿಲ್ಲದ ತುಂತುರು ಮಳಿಗೆ ಇವು ಏಳಾಕಿಲ್ಲ."

ತಾತನ ಈ ಮಾತು ಎಷ್ಟು ದೂರದವರೆಗೆ ಸರಿ ಅನ್ನೋದು ನಮಗೆ ಆಮೇಲೆ ಓದುವಾಗ ಗೊತ್ತಾಯಿತು. ಅದಕ್ಕೆ ಬರ್ತೀವಿ. ಮೊದಲು ಕಪ್ಪೆ ನೋಡೋಣ.

ನೀರಿನ ಅಂಚಲ್ಲಿ ಸಿಕ್ಕಿದ್ದರಲ್ಲಿ ಹೆಚ್ಚಿನವು ಮುಷ್ಟಿಯೊಳಗೆ ಹಿಡಿಸುವಷ್ಟು ದೊಡ್ಡವು. ಮೂತಿ ಮೊಂಡು, ಕಾಲು ಗಿಡ್ಡ, ಮೈ ಗುಂಡಗೆ, ಒಣಮಣ್ಣಿನ ಬಣ್ಣದ ಮೇಲೆ ಕಪ್ಪು ಮಚ್ಚೆ. ಕೆರೆ ಕಪ್ಪೆಯ ಹಾಗೆ ಉದ್ದ ನೆಗೆಯೋದಿಲ್ಲ, ಕುಪ್ಪಳಿಸುತ್ತೆ. ಹಿಂಗಾಲಿನ ಅಡಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಒಳಮಗ್ಗುಲಲ್ಲಿ ಉಗುರಿನ ಹಾಗೆ ಗಟ್ಟಿಯಾದ, ಅರ್ಧಚಂದ್ರದ ಅಂಚಿನ ಒಂದು ಗಂಟು ಇದೆ. ಅದೇ ಅದರ ಸಲಿಕೆ. ಎರಡು ಕಾಲಿಗೆ ಎರಡು. ಇದನ್ನು ಬಿಲಗಪ್ಪೆ ಅಂತೀವಿ. ವಿಜ್ಞಾನದವರು ಸ್ಫೇರೊಥೀಕಾ ಅಂತಾರೆ. ಈ ಕುಲದ ಒಂದು ಕಪ್ಪೆಗೆ ಜರ್ಮನಿಯ ಶ್ನೈಡರ್ 1799ರಲ್ಲೇ ಹೆಸರಿಟ್ಟಿದ್ದ. ಬೆಂಗಳೂರಿನ ಹೊರವಲಯದಲ್ಲಿ ಸಿಕ್ಕ ಇನ್ನೊಂದಕ್ಕೆ 2020ರಲ್ಲಿ ಬೆಂಗಳೂರಿನದೇ ಹೆಸರು ಇಟ್ಟರು. ಅಷ್ಟು ದೊಡ್ಡ ಊರಿನ ಪಕ್ಕದಲ್ಲಿ ಅಷ್ಟು ಕಾಲ ಹೆಸರಿಲ್ಲದೆ ಕೂತಿತ್ತು ನೋಡಿ.

ಅದು ಮಣ್ಣಿಗೆ ಇಳಿಯೋದನ್ನು ನೋಡಬೇಕು. ಮುಂದಕ್ಕೆ ತಲೆ ಹಾಕಿ ಅಗೆಯೋದಲ್ಲ, ಹಿಮ್ಮುಖ. ಕುಂಡೆ ಊರಿ, ಹಿಂಗಾಲು ಒಂದಾದ ಮೇಲೊಂದು ಹೊರಕ್ಕೆ ತಳ್ಳುತ್ತಾ, ಮೈಯನ್ನು ಅತ್ತ ಇತ್ತ ತಿರುಗಿಸುತ್ತಾ ಕೂತಲ್ಲೇ ಮುಳುಗುತ್ತೆ. ಕೊನೆಗೆ ಎರಡು ಕಣ್ಣು ಮಾತ್ರ ಉಳೀತವೆ, ಆಮೇಲೆ ಅವೂ ಇಲ್ಲ. ಮೇಲಿನ ಮಣ್ಣು ತಾನೇ ಜರಿದು ಬಾಯಿ ಮುಚ್ಚುತ್ತೆ. ಇಲಿ, ಏಡಿ ಬಿಲದ ಹಾಗೆ ಇದಕ್ಕೆ ಬಾಗಿಲಿಲ್ಲ. ಅದಕ್ಕೇ ಹೊಲದಲ್ಲಿ ಹತ್ತು ಸಲ ಓಡಾಡಿದರೂ ನಮ್ಮ ಕಣ್ಣಿಗೆ ಬೀಳೋದಿಲ್ಲ. ಬುನಾದಿ ತೆಗೆಯುವ ಜೆಸಿಬಿಯವನೋ, ಬಾವಿ ಹೂಳೆತ್ತುವವನೋ ಒಮ್ಮೊಮ್ಮೆ ಮಣ್ಣಿನ ಹೆಂಟೆಯೊಳಗಿಂದ ಜೀವಂತ ಕಪ್ಪೆ ಬಂತು ಅಂತ ಹೇಳ್ತಾನೆ. ಯಾರೂ ನಂಬಲ್ಲ. ನಂಬಬಹುದು.

ಅದೇ ರಾತ್ರಿ ಇನ್ನೊಂದನ್ನೂ ಕಂಡೆವು. ಗಾಳಿ ತುಂಬಿದ ಬಲೂನಿನಂಥ ಮೈ, ಅದಕ್ಕೆ ಒಂದು ಪುಟ್ಟ ತಲೆ ಅಂಟಿಸಿದ ಹಾಗೆ. ಇದು ಬಲೂನು ಕಪ್ಪೆ, ಉಪೆರೊಡಾನ್ ಕುಲದ್ದು. ಇದರ ಕಾಲಲ್ಲೂ ಸಲಿಕೆ ಇದೆ. ಬಾಯಿ ಚಿಕ್ಕದು, ಇರುವೆ, ಗೆದ್ದಲು ಇದರ ಊಟ. ಮೊದಲ ಮಳೆಗೆ ಹುತ್ತದಿಂದ ರೆಕ್ಕೆ ಗೆದ್ದಲು ಏಳೋದೂ, ಈ ಕಪ್ಪೆಗಳು ಏಳೋದೂ ಒಂದೇ ಹೊತ್ತು. ಇನ್ನೊಂದು ಪ್ರಾಣಿಯೂ ಆ ಮಳೆಗೇ ಕಾದಿರುತ್ತೆ: ಶೇಂಗಾ ಬೆಳೆ ನುಣ್ಣಗೆ ಮೇಯುವ ಕಂಬಳಿಹುಳುವಿನ ಪತಂಗ. ಅದರ ಕೋಶ ತಿಂಗಳುಗಟ್ಟಲೆ ನಮ್ಮ ಹೊಲದ ಮಣ್ಣಲ್ಲೇ ಬಿದ್ದಿದ್ದು, ಒಳ್ಳೆ ಮಳೆ ಬಿದ್ದ ಮೇಲೆ ಒಡೆಯುತ್ತೆ. ಹೊಲದಲ್ಲಿ ಬೆಂಕಿ ಹಾಕಿ, ದೀಪ ಇಟ್ಟು ಪತಂಗ ಸುಡುತ್ತಿದ್ದ ಕಾಲ ಹಿರಿಯರಿಗೆ ನೆನಪಿರಬೇಕು. ಶೇಂಗಾ ಬೀಜಕ್ಕೆ ಸಾಲ ಮಾಡಿ ಕೂತಿರೋ ರೈತನೂ ಅದೇ ಮೋಡ ನೋಡ್ತಿರ್ತಾನೆ. ಒಂದು ಮಳೆಗೆ ಎಷ್ಟು ಜನ ಬಾಕಿದಾರರು!

ಅಮೆರಿಕದಲ್ಲಿ ಸಲಿಕೆಗಾಲಿನ ನೆಲಗಪ್ಪೆ ಅಂತ ಬೇರೆಯೇ ಒಂದು ವಂಶ ಇದೆ. ನಮ್ಮ ಬಿಲಗಪ್ಪೆಗೂ ಅದಕ್ಕೂ ಹತ್ತಿರದ ನೆಂಟಸ್ತಿಕೆ ಇಲ್ಲ. ಒಂದೇ ಕೆಲಸಕ್ಕೆ ಬೇರೆ ಬೇರೆ ಊರಿನ ಕಮ್ಮಾರರು ಒಂದೇ ಆಕಾರದ ಸಲಿಕೆ ಮಾಡಿದ ಹಾಗೆ ಆಗಿದೆ. ಅರಿಜೋನಾದ ಸೊನೊರಾ ಮರುಭೂಮಿಯಲ್ಲಿ ಅವು ವರ್ಷದಲ್ಲಿ ಎಂಟು ಹತ್ತು ತಿಂಗಳು ನೆಲದೊಳಗೆ ಇರ್ತವೆ. ಉಸಿರು, ಎದೆಬಡಿತ ಎಲ್ಲ ನಿಧಾನ ಮಾಡಿಕೊಂಡು, ಮೂತ್ರಕೋಶದ ನೀರನ್ನೇ ಮತ್ತೆ ಮೈಗೆ ಎಳೆದುಕೊಳ್ತವೆ. ನೀರು ತೀರುತ್ತಾ ಬಂದಾಗ ಯೂರಿಯಾವನ್ನು ಮೈಯಲ್ಲೇ ಕೂಡಿಹಾಕ್ತವೆ. ಯೂರಿಯಾ ಅಂದರೆ ನಾವು ಸೊಸೈಟಿ ಮುಂದೆ ಸಾಲು ನಿಂತು ತರ್ತೀವಲ್ಲ, ಅದೇ ವಸ್ತು. ಉಪ್ಪು ಹಾಕಿದ ಮಾವಿನಕಾಯಿ ನೀರು ಬಿಡೋದು ನೋಡಿದ್ದೀರಿ, ಸಾರ ಹೆಚ್ಚಿರುವ ಕಡೆಗೆ ನೀರು ಹರಿಯುತ್ತೆ. ಮೈಯೊಳಗೆ ಸಾರ ಹೆಚ್ಚಾದರೆ ಒಣಮಣ್ಣು ಕಪ್ಪೆಯ ನೀರನ್ನು ಎಳೆಯೋದು ಕಷ್ಟ. ಕಪ್ಪೆಗಳು ಬಾಯಿಂದ ನೀರು ಕುಡಿಯೋದಿಲ್ಲ, ಚರ್ಮದಿಂದಲೇ ಹೀರ್ತವೆ. ಹಾಗಾಗಿ ಇದು ಅವಕ್ಕೆ ಸಾವು ಬದುಕಿನ ಲೆಕ್ಕ.

ಈಗ ತಾತನ ಗುಡುಗು. ಆ ಅಮೆರಿಕದ ಕಪ್ಪೆಗಳು ಮಳೆ ಬಂದದ್ದನ್ನು ಹೇಗೆ ತಿಳೀತವೆ ಅಂತ ಇಬ್ಬರು ವಿಜ್ಞಾನಿಗಳು ಪರೀಕ್ಷೆ ಮಾಡಿ 1980ರಲ್ಲಿ ಬರೆದರು. ಮಣ್ಣಿನ ಹಸಿಗೆ ಏಳ್ತವೆ ಅಂತ ನಾವೆಲ್ಲ ಊಹಿಸೋದು. ಅವರು ಮಣ್ಣನ್ನು ಒಣಗಿಸಿಯೇ ಇಟ್ಟು, ಒಂದು ಎಲೆಕ್ಟ್ರಿಕ್ ಮೋಟಾರಿನಿಂದ ನೆಲವನ್ನು ಅದುರಿಸಿದರು. ಹನಿ ನೀರಿಲ್ಲದೆ ಕಪ್ಪೆಗಳು ಮೇಲೆ ಬಂದವು. ಮಳೆ ಹನಿಯ ಬಡಿತ, ಗುಡುಗಿನ ದಪ್ಪ ಸದ್ದು ಮಣ್ಣಿನಲ್ಲಿ ಹುಟ್ಟಿಸುವ ನಡುಕವೇ ಅವಕ್ಕೆ ಕರೆ. ಸಾವಿರಾರು ಮೈಲಿ ಆಚೆಯ ಬೇರೆ ವಂಶದ ಕಪ್ಪೆ ಅದು, ನಿಜ. ಆದರೂ ಕುರಿಹಟ್ಟಿಯ ಪಕ್ಕ ಮಲಗಿ ಮಳೆ ನೋಡಿದ ಮನುಷ್ಯ ಮತ್ತು ಪ್ರಯೋಗಾಲಯದವರು ಒಂದೇ ಕಡೆ ಬೆರಳು ತೋರಿಸಿದ್ದು ನಮಗೆ ಬಹಳ ಖುಷಿ ಕೊಟ್ಟಿತು.

ಎದ್ದ ಮೇಲೆ ಓಟ ಶುರು. ಆ ರಾತ್ರಿಯೇ ಗಂಡು ಕೂಗಬೇಕು, ಹೆಣ್ಣು ಬರಬೇಕು, ಮೊಟ್ಟೆ ಇಡಬೇಕು. ಮೊಟ್ಟೆ ಒಡೆದು ಗೊದಮೊಟ್ಟೆಯಾಗಿ, ಗೊದಮೊಟ್ಟೆಗೆ ಕಾಲು ಬಂದು, ಗುಂಡಿ ಒಣಗೋ ಮುಂಚೆ ದಡ ಹತ್ತಬೇಕು. ಸೊನೊರಾದ ಕಪ್ಪೆ ಇದನ್ನು ಎಂಟೊಂಬತ್ತು ದಿನದಲ್ಲಿ ಮುಗಿಸಿದ್ದೂ ಇದೆ. ನಮ್ಮ ಬಿಲಗಪ್ಪೆಗೆ ಅಷ್ಟು ವೇಗ ಇಲ್ಲ, ವಾರಗಳು ಬೇಕು. ಕೆರೆಯಲ್ಲೇ ಮೊಟ್ಟೆ ಇಡಬಹುದಲ್ಲ ಅಂತೀರಾ? ಕೆರೆಯಲ್ಲಿ ಮೀನಿದೆ. ನಾಲ್ಕು ದಿನದ ಗುಂಡಿಯಲ್ಲಿ ಮೀನಿಲ್ಲ, ಆದರೆ ಬಿಸಿಲಿದೆ. ಎರಡರಲ್ಲಿ ಒಂದನ್ನು ಆರಿಸಬೇಕು.

ಬಂಡಿ ಜಾಡಿನ ಪಕ್ಕದ ಒಂದು ಗುಂಡಿಯನ್ನು ನಾವು ಸರದಿ ಮೇಲೆ ಹೋಗಿ ನೋಡಿದೆವು. ಮೊದಲ ವಾರ ಅದು ಗೊದಮೊಟ್ಟೆಗಳಿಂದ ಕರ್ರಗೆ ಕುದಿಯುತ್ತಿತ್ತು. ಎರಡನೇ ವಾರ ನೀರು ಪಾದ ಮುಳುಗುವಷ್ಟಕ್ಕೆ ಇಳಿಯಿತು. ಹದಿನಾರನೇ ದಿನ ಬಿರಿದ ಕೆಸರಿನ ಮೇಲೆ ಕರಿ ಪದರ, ಅದರ ಮೇಲೆ ಇರುವೆ, ಕಾಗೆ. ಒಂದೂ ಉಳಿಯಲಿಲ್ಲ. ಇನ್ನೂರು ಹೆಜ್ಜೆ ಆಚೆ, ಹುಲ್ಲಿನ ನಡುವೆ ಸ್ವಲ್ಪ ತಗ್ಗಾದ ಇನ್ನೊಂದು ಗುಂಡಿಗೆ ರೋಹಿಣಿ ಮಳೆಯ ನಾಲ್ಕು ಹನಿ ಹೆಚ್ಚು ಬಿದ್ದು ನೀರು ನಿಂತಿತ್ತು. ಜೂನ್ ನಡುವಿನ ಒಂದು ಮೋಡದ ಬೆಳಿಗ್ಗೆ ಹೋದಾಗ ಕಾಲಿಡೋಕೆ ಜಾಗ ಇರಲಿಲ್ಲ. ಹೆಬ್ಬೆರಳಿನ ಉಗುರಿನಷ್ಟು ಮರಿಗಳು, ಕೆಲವಕ್ಕೆ ಇನ್ನೂ ಬಾಲ. ಮಳೆ ಜೊತೆ ಆಕಾಶದಿಂದ ಕಪ್ಪೆ ಬೀಳುತ್ತೆ ಅನ್ನೋ ಮಾತು ಎಲ್ಲಿಂದ ಬಂತು ಅಂತ ಆವತ್ತು ಅರ್ಥವಾಯಿತು. ನಿನ್ನೆ ಇರದಿದ್ದು ಇವತ್ತು ಸಾವಿರ ಇದ್ದರೆ ಯಾರಾದರೂ ಮೇಲೆ ನೋಡ್ತಾರೆ.

ಮಳೆ ಇಲ್ಲದ ವರ್ಷ ನಮ್ಮ ಗಡಿ ಊರುಗಳಲ್ಲಿ ಒನಕೆಗೆ ಬೇವಿನ ಸೊಪ್ಪು ಸುತ್ತಿ, ನಡುವೆ ಕಪ್ಪೆ ಕಟ್ಟಿ, ಮನೆಮನೆಗೆ ಹೋಗಿ ನೀರು ಹಾಕಿಸಿಕೊಳ್ಳೋದುಂಟು. ತೆಲುಗು ಮಾತಾಡೋ ಮನೆಯಲ್ಲಿ ಅದು ಕಪ್ಪ, ಕನ್ನಡದ ಮನೆಯಲ್ಲಿ ಕಪ್ಪೆ. ಆದರೆ ಬರಗಾಲದಲ್ಲಿ ಮಕ್ಕಳ ಕೈಗೆ ಸಿಗೋದು ಬಚ್ಚಲ ಮೋರಿಯ ಕಪ್ಪೆ. ನಿಜವಾಗಿ ಮಳೆಗೆ ಕಾದು ಕೂತಿರೋದು ಕೆಳಗೆ ಇರುತ್ತೆ, ಕೈಗೆ ಸಿಗಲ್ಲ. ಭದ್ರಾ ಮೇಲ್ದಂಡೆ ನೀರಿಗೆ ಕಾಯೋ ನಮಗಿಂತ ಅದಕ್ಕೆ ತಾಳ್ಮೆ ಹೆಚ್ಚು.

ಆದರೆ ತಾಳ್ಮೆಯಿಂದ ಗುಂಡಿ ಹುಟ್ಟೋದಿಲ್ಲ. ಕಾವಲಿನ ನೆಲ ಕಾಗದದಲ್ಲಿ ಪಾಳು ಭೂಮಿಯ ಹಾಗೆ ಕಂಡರೂ ಅದರ ಏರು ತಗ್ಗಿನಲ್ಲೇ ಇವುಗಳ ತೊಟ್ಟಿಲು ಇರೋದು. ಮಟ್ಟ ಮಾಡಿದರೆ, ಮಣ್ಣು ಹೊಡೆದರೆ, ಡಾಂಬರು ಹಾಕಿದರೆ ನೀರು ನಿಲ್ಲೋದಿಲ್ಲ. ಗೋಡೆಯ ಬಗ್ಗೆ ನಮ್ಮೊಳಗೇ ಎರಡು ಮಾತಿದೆ. ಗೋಡೆಯೊಳಗೆ ಕಟ್ಟಡ ಏಳದ ಕಡೆ ನೇಗಿಲೂ ಬರಲ್ಲ, ಅಲ್ಲಿ ಕಪ್ಪೆ ಉಳೀತವೆ ಅಂತ ಒಬ್ಬರ ವಾದ. ಕಪ್ಪೆ ಉಳಿದು ಕುರಿ ಕಾಯೋ ತಾತ ಹೊರಗಾದರೆ ಗುಡುಗಿನ ವಿಷಯ ಹೇಳೋರು ಯಾರು ಅಂತ ಇನ್ನೊಬ್ಬರದು. ಈ ಜಗಳ ಬಗೆಹರಿದಿಲ್ಲ.

ಗೋಡೆ ನಮ್ಮ ಕೈಯಲ್ಲಿಲ್ಲ, ಕೃಷಿ ಹೊಂಡ ಇದೆ. 2014ರ ಕೃಷಿಭಾಗ್ಯದ ನಂತರ ನಮ್ಮ ಹೊಲಗಳಲ್ಲಿ ಎಷ್ಟೊಂದು ಹೊಂಡ ಬಂದವು. ನೀರು ಇಂಗಬಾರದು ಅಂತ ತಳಕ್ಕೂ ದಡಕ್ಕೂ ಪ್ಲಾಸ್ಟಿಕ್ ಹಾಸ್ತಾರೆ. ರಾತ್ರಿ ನೀರು ಹುಡುಕಿ ಬಂದ ಬಿಲಗಪ್ಪೆ ಅದರಲ್ಲಿ ಇಳಿಯುತ್ತೆ, ಹತ್ತೋಕಾಗಲ್ಲ. ಮರಗಪ್ಪೆಗೆ ಬೆರಳ ತುದಿಯಲ್ಲಿ ಅಂಟುವ ಗುಂಡಿ ಇರ್ತವೆ, ಗಾಜನ್ನೂ ಹತ್ತುತ್ತೆ. ಇದಕ್ಕೆ ಇರೋದು ಸಲಿಕೆ, ಪ್ಲಾಸ್ಟಿಕ್ ಮೇಲೆ ಸಲಿಕೆ ಏನು ಮಾಡೀತು? ಈಜಿ ಈಜಿ ಸುಸ್ತಾಗಿ ತೇಲುತ್ತೆ. ನಾವು ನೋಡಿದ ಒಂದು ಹೊಂಡದಲ್ಲಿ ಬೆಳಿಗ್ಗೆ ಹನ್ನೊಂದು ಸತ್ತಿದ್ದವು.

ಹೊಂಡದ ಯಜಮಾನರಿಗೆ ಹೇಳಿದಾಗ "ಕಪ್ಪೆಗೆ ಏಣಿ ಕಟ್ಟಬೇಕೇನ್ರಪ್ಪ?" ಅಂತ ನಕ್ಕರು. ಅವರ ಮನೆಯಾಕೆ ಮಾತ್ರ ನಗಲಿಲ್ಲ. "ಕಪ್ಪೆಗೇ ಹತ್ತಾಕೆ ಆಗ್ದಿದ್ರೆ ನಮ್ಮ ಹುಡುಗ್ರು ಹೆಂಗೆ ಹತ್ತಾವೆ?" ಅಂದರು. ಹೊಂಡಕ್ಕೆ ಬಿದ್ದ ಮಕ್ಕಳ ಸುದ್ದಿಯನ್ನು ನಾವೂ ಬರೆದಿದ್ದೇವೆ, ಹಾಗಾಗಿ ಯಾರೂ ಮಾತಾಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಳೆ ಗೋಣಿಚೀಲಗಳನ್ನು ಒಂದಕ್ಕೊಂದು ಹೊಲಿದು, ಮೇಲಿನ ತುದಿಯನ್ನು ಗೂಟಕ್ಕೆ ಬಿಗಿದು, ನೀರಿನ ತಳದವರೆಗೆ ಎರಡು ಕಡೆ ಇಳಿಬಿಟ್ಟೆವು. ಪಕ್ಕದಲ್ಲೇ ಗಂಟು ಹಾಕಿದ ದಪ್ಪ ಹಗ್ಗ, ಅದು ಮಕ್ಕಳಿಗೆ. ದುಡ್ಡು ಖರ್ಚಾಗಿದ್ದು ಹಗ್ಗಕ್ಕೆ ಮಾತ್ರ.

ಮುಂದಿನ ಮಳೆ ರಾತ್ರಿ ಆ ಅಮ್ಮನೇ ಫೋನ್ ಮಾಡಿದರು. ಗೋಣಿಯ ಮೇಲೆ ನಾಲ್ಕು ಕೂತಿವೆ, ಒಂದು ಆಗಲೇ ದಡ ಹತ್ತಿ ಬದುವಿನ ಕಡೆ ಹೋಯ್ತು, ಬಂದು ಫೋಟೋ ಹಿಡ್ಕೊಳ್ರಿ ಅಂದರು. ಹೋಗೋ ಹೊತ್ತಿಗೆ ಗೋಣಿ ಖಾಲಿ ಇತ್ತು.