ಜೋಡುನಳಿಗೆಯ ಪರೀಕ್ಷೆ

ಹಳೆಯ ವಸ್ತುವೊಂದು ಕೈಗೆ ಬಂದಾಗ ‘ಇದು ಎಷ್ಟು ಬೆಲೆ ಬಾಳೀತು?’ ಎಂದು ಕೇಳುವವರು ಬಹುಮಂದಿ. ‘ಇದರಿಂದ ಯಾವ ಕೆಲಸವಾಗಬೇಕು?’ ಎಂದು ಕೇಳುವವರು ವಿರಳ. ಎರಡನೆಯ ಪ್ರಶ್ನೆಗೆ ಉತ್ತರ ಹೇಳದೆ ಮೊದಲನೆಯದಕ್ಕೆ ಉತ್ತರವಿಲ್ಲ. ಈ ಮಾತು ನೇಗಿಲಿಗೂ ಸಲ್ಲುತ್ತದೆ, ಗಡಿಯಾರಕ್ಕೂ ಸಲ್ಲುತ್ತದೆ. ಬಂದೂಕಿನ ವಿಷಯದಲ್ಲಂತೂ ಅದು ಪ್ರಾಣದ ಪ್ರಶ್ನೆ. ಸೀಮೆಸುಣ್ಣ ಹಿಡಿಯುವವರಿಗೆ ಬಂದೂಕಿನ ಗೊಡವೆ ಏಕೆಂದು ವಾಚಕರು ನಕ್ಕಾರು. ನಗಲಿ, ಆದರೆ ಕೊನೆಯವರೆಗೆ ಓದಲಿ.

ನಮ್ಮ ಜಹೀರಾಬಾದ, ನಾರಾಯಣಖೇಡಗಳು 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಕಲಬುರಗಿ ಜಿಲ್ಲೆಯಲ್ಲಿತ್ತು. ಈ ಸೀಮೆಯ ಹಳೆಯ ವಾಡೆಗಳಲ್ಲಿ ಗೋಡೆಯ ಗೂಟಕ್ಕೆ ತೂಗುಹಾಕಿದ ಜೋಡುನಳಿಗೆಯ ಬಂದೂಕನ್ನು ನಾವು ಬಾಲ್ಯದಲ್ಲಿ ಕಂಡುದುಂಟು. ಅದು ಮನೆತನದ ಹಿರಿಮೆಯ ಗುರುತು ಎಂದಷ್ಟೇ ಬಗೆದಿದ್ದೆವು. ಅದನ್ನು ನೋಡುವ ಬಗೆಯನ್ನು ಕಲಿತದ್ದು ಕೊಡಗಿನಲ್ಲಿ, ಸಹೋದ್ಯೋಗಿಯೊಬ್ಬರ ಬಂಧುಗಳ ಮನೆಗೆ ಕೈಲ್‌ಪೊಳ್ದಿನ ಹಬ್ಬಕ್ಕೆ ಹೋದಾಗ.

ಭತ್ತದ ನಾಟಿಯ ಕೆಲಸ ಮುಗಿದ ಮೇಲೆ, ಸೆಪ್ಟೆಂಬರ್ ತಿಂಗಳ ಆರಂಭದಲ್ಲಿ, ಕೊಡವರು ಆಯುಧಗಳನ್ನು ತೊಳೆದು ಒರಸಿ ಪೂಜಿಸುವ ಹಬ್ಬವಿದು. ಕೋವಿಗೆ ಅವರ ನುಡಿಯಲ್ಲಿ ತೋಕ್ ಎಂದು ಹೆಸರು. ಅದಕ್ಕೆ ಮುಡಿಸುವ ಕೆಂಪು ಹಳದಿಯ ಹೂವಿಗೂ ತೋಕ್‌ಪೂ ಎಂದೇ ಹೆಸರು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವುದು ಅಲ್ಲಿಯ ಸಂಪ್ರದಾಯ. 1861ರಲ್ಲಿ ಬ್ರಿಟಿಷ್ ಆಡಳಿತವು ಕೊಟ್ಟ ವಿನಾಯಿತಿ ಸ್ವಾತಂತ್ರ್ಯಾನಂತರವೂ ಮುಂದುವರಿದು, 2019ರಲ್ಲಿ ಕೇಂದ್ರ ಸರ್ಕಾರದಿಂದ ಮತ್ತೆ ಹತ್ತು ವರ್ಷಗಳಿಗೆ ವಿಸ್ತರಣೆಗೊಂಡಿತು. ಹಬ್ಬದ ದಿನ ಊಟವಾದ ಮೇಲೆ ಮರದ ತುದಿಯಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯವೂ ಉಂಟು.

ಆ ಮನೆಯ ಅಜ್ಜನವರಿಗೆ ಎಂಬತ್ತು ದಾಟಿತ್ತು. ತಮ್ಮ ತಂದೆಯ ಜೋಡುಕೋವಿಯಿಂದಲೇ ಆ ವರ್ಷದ ಕಾಯಿ ಒಡೆಯಬೇಕು, ತಾವು ಕಣ್ಮುಚ್ಚಿದಾಗಿನ ಎರಡು ಗುಂಡುಗಳೂ ಅದರಿಂದಲೇ ಹಾರಬೇಕು ಎಂಬುದು ಅವರ ಹಂಬಲ. ಹಾರಿಸಬೇಕಾದವನು ಮೊಮ್ಮಗ, ಓದು ಮುಗಿಸಿ ತೋಟ ನೋಡಿಕೊಳ್ಳುತ್ತಿದ್ದ ತರುಣ. ವರ್ಷಗಳಿಂದ ಸದ್ದು ಮಾಡದಿದ್ದ ಆ ಕೋವಿಯನ್ನು ನೋಡಲು ಬಂದೂಕು ದುರಸ್ತಿ ಮಾಡುವವರೊಬ್ಬರನ್ನು ಹಬ್ಬದ ಹಿಂದಿನ ದಿನ ಕರೆಸಿದ್ದರು.

ಅವರು ಮೊದಲು ಕೋವಿಯನ್ನು ತೆರೆದು, ತೋಟಾ ಇಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡರು. ನಳಿಗೆಗಳನ್ನು ಬೇರ್ಪಡಿಸಿ, ಬೆಳಕಿನೆದುರು ಹಿಡಿದು ಒಳಗೆ ನೋಡಿದರು. ತುಕ್ಕು ತಿಂದ ಕುಳಿಗಳು ಅಲ್ಲಿ ಚುಕ್ಕೆಗಳಾಗಿ ಕಾಣುತ್ತವೆ, ತಗ್ಗುಗಳು ನೆರಳಿನ ಬಳೆಗಳಾಗಿ ಕಾಣುತ್ತವೆ. ತರುವಾಯ ನಳಿಗೆಗಳನ್ನು ತೂಗುಬಿಟ್ಟು ಬೆರಳಿನ ಗೆಣ್ಣಿನಿಂದ ತಟ್ಟಿದರು. ಎರಡು ನಳಿಗೆಗಳನ್ನು ಕೂಡಿಸುವ ಬೆಸುಗೆ ಗಟ್ಟಿಯಿದ್ದರೆ ಗಂಟೆಯಂತೆ ನಾದ ಬರಬೇಕು; ಬಂದದ್ದು ಒಡಕು ಮಡಕೆಯ ಸದ್ದು. ಮತ್ತೆ ಜೋಡಿಸಿ, ಮುಂಗೈಯ ಮರವನ್ನು ಕಳಚಿ, ಮೆಲ್ಲನೆ ಅಲುಗಿಸಿದರು. ಕೀಲು ಸಡಿಲವಾಗಿತ್ತು.

ಈ ನಡುವೆ ಮೊಮ್ಮಗ ಅಮೆರಿಕದ ಒಂದು ಕ್ರೀಡೆಯ ಮಾತೆತ್ತಿದ. ಕೌಬಾಯ್ ಶೂಟಿಂಗ್ ಎಂದು ಅದರ ಹೆಸರು. 1987ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಅದಕ್ಕೊಂದು ಸಂಘವೇ ಸ್ಥಾಪಿತವಾಯಿತು. ಹತ್ತೊಂಬತ್ತನೆಯ ಶತಮಾನದ ದನಗಾಹಿಗಳ ಉಡುಗೆ ತೊಟ್ಟು, ಆ ಕಾಲದ ಮಾದರಿಯ ಎರಡು ರಿವಾಲ್ವರು, ಒಂದು ರೈಫಲು, ಒಂದು ಚರೆಕೋವಿ ಹಿಡಿದು, ಗಡಿಯಾರದೊಡನೆ ಪೈಪೋಟಿ ನಡೆಸಿ ಉಕ್ಕಿನ ಗುರಿಗಳನ್ನು ಕೆಡಹುತ್ತಾರೆ. ಅಲ್ಲಿಯೂ ಜೋಡುನಳಿಗೆಗೆ ಬಹು ಮನ್ನಣೆ. “ನಮ್ಮ ಕೋವಿ ಅಲ್ಲಿಗಾದರೂ ಆದೀತೆ?” ಎಂದು ಆತ ಕೇಳಿದ.

“ಅಲ್ಲಿ ಕೇಳುವುದೇ ಬೇರೆ, ಮಗನೆ,” ಎಂದರು ದುರಸ್ತಿಯವರು. ಒಮ್ಮೆಗೆ ಎರಡೇ ತೋಟಾ. ಆದುದರಿಂದ ಕೋವಿ ಒಂದೇ ಕೈಯಲ್ಲಿ ಸಲೀಸಾಗಿ, ಅಗಲವಾಗಿ ತೆರೆಯಬೇಕು. ಖಾಲಿ ತೋಟಾಗಳನ್ನು ತಾನಾಗಿ ಹೊರಕ್ಕೆ ಎಸೆಯುವ ಯಂತ್ರ ಆ ಪಂದ್ಯದಲ್ಲಿ ನಿಷಿದ್ಧ. ಕೋವಿಯನ್ನು ಹಿಂದಕ್ಕೆ ಒಲೆದೊಡನೆ ಅವು ಜಾರಿ ಬೀಳುವಷ್ಟು ಕೊಠಡಿಯ ಒಳಮೈ ನುಣುಪಾಗಿರಬೇಕು. ನಳಿಗೆ ಗಿಡ್ಡವಾದರೆ ತಿರುಗಿಸಲು ಅನುಕೂಲ. ತೆಂಗಿನಕಾಯಿಗಾದರೋ ಅವಸರವಿಲ್ಲ, ಉದ್ದ ನಳಿಗೆ, ಚರೆ ಚದುರದಂತೆ ಬಿಗಿಯಾದ ಬಾಯಿ, ಹೆಗಲಿಗೆ ಒಪ್ಪುವ ಹಿಡಿ, ಇಷ್ಟಿದ್ದರೆ ಸಾಕು. “ಆದರೆ ಎರಡು ಕಡೆಗೂ ಮೊದಲನೆಯ ಷರತ್ತು ಒಂದೇ: ನಳಿಗೆ ಒಡೆಯಬಾರದು.”

ಹೀಗೆಂದು ನಳಿಗೆಯ ತಳಭಾಗವನ್ನು ತೋರಿಸಿದರು. ಲಂಡನ್, ಬರ್ಮಿಂಗ್‌ಹ್ಯಾಮ್‌ಗಳ ಪರೀಕ್ಷಾಗೃಹಗಳಲ್ಲಿ ವಾಡಿಕೆಗಿಂತ ಹೆಚ್ಚಿನ ಒತ್ತಡದಲ್ಲಿ ಹಾರಿಸಿ, ತಾಳಿಕೊಂಡ ನಳಿಗೆಗೆ ಮಾತ್ರ ಮುದ್ರೆ ಒತ್ತುತ್ತಾರೆ. ಇದರ ಮುದ್ರೆ ಕರಿಮದ್ದಿನದು. ಹೊಗೆರಹಿತ ಮದ್ದಿಗೆ ತಾಳಿಕೊಂಡ ಗುರುತು ಇರಲಿಲ್ಲ. ನಳಿಗೆಯ ಮೈಮೇಲಿನ ಸುರುಳಿ ಸುರುಳಿಯಾದ ಚೆಲುವು, ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೊಸೆದು ಬೆಸೆದ ಡಮಾಸ್ಕಸ್ ರೀತಿಯ ಹಳೆಯ ಕೆಲಸ. ಕೊಠಡಿಯ ಉದ್ದ ಎರಡೂವರೆ ಅಂಗುಲ. ಇಂದಿನ ಎರಡೂಮುಕ್ಕಾಲು ಅಂಗುಲದ ತೋಟಾ ಅದರೊಳಗೆ ಹೊಕ್ಕು ಕುಳಿತುಕೊಳ್ಳುತ್ತದೆ, ಆದರೆ ಹಾರುವಾಗ ಬಾಯಿ ಬಿಚ್ಚಿಕೊಳ್ಳಲು ಎಡೆಯಿಲ್ಲದೆ ಒತ್ತಡ ಏರುತ್ತದೆ. ಹೊಕ್ಕಿತೆಂಬುದು ಒಗ್ಗಿತೆಂಬುದಕ್ಕೆ ಪ್ರಮಾಣವಲ್ಲವೆಂದು ನಮಗೆ ಆಗ ತಿಳಿಯಿತು.

ಅಜ್ಜನವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ನನಗಾಗಿ ಎರಡೇ ಗುಂಡು. ಅಷ್ಟನ್ನೂ ತಡೆಯದೆ?” ಎಂದರು.

“ತಡೆದರೂ ತಡೆದೀತು, ಅಜ್ಜಾ. ಆದರೆ ಎಡಗೈಯನ್ನು ಆ ನಳಿಗೆಯ ಕೆಳಗೆ ಹಿಡಿಯುವವನು ನಿಮ್ಮ ಮೊಮ್ಮಗನಲ್ಲವೆ?”

ಅಜ್ಜನವರು ಮೊಮ್ಮಗನ ಕೈಯನ್ನು ನೋಡಿದರು. ತರುವಾಯ ತಾವೇ ಹೇಳಿ, ತೋಟಾದ ಬೆನ್ನಿಗೆ ಬಡಿಯುವ ಎರಡು ಮೊಳೆಗಳನ್ನು ತೆಗೆಸಿ, ಯಾರೂ ಎಂದಿಗೂ ಅದನ್ನು ಹಾರಿಸದಂತೆ ಮಾಡಿದರು. ಮರುದಿನ ತೋಕ್‌ಪೂ ಮುಡಿದ ಆ ಕೋವಿ ಪೂಜೆಯ ಸಾಲಿನಲ್ಲಿ ಮೊದಲನೆಯದಾಗಿತ್ತು. ಕಾಯಿಗೆ ಗುರಿಯಿಟ್ಟದ್ದು ಚಿಕ್ಕಪ್ಪನವರ ಹೊಸ ಕೋವಿಯಿಂದ. ಮೊಮ್ಮಗನ ಮೂರನೆಯ ಗುಂಡಿಗೆ ಕಾಯಿ ಒಡೆಯಿತು. ಎಲ್ಲರಿಗಿಂತ ಮೊದಲು ಕೇಕೆ ಹಾಕಿದವರು ಅಜ್ಜನವರೇ.

ಶಾಲೆಗೆ ಮರಳಿದ ಮೇಲೆ ಐದನೆಯ ತರಗತಿಗೆ ಒಂದು ಲೆಕ್ಕ ಕೊಟ್ಟೆವು: ನಳಿಗೆಯ ಬಾಯಿಗೆ ಸರಿಹೊಂದುವ ಸೀಸದ ಗುಂಡುಗಳು ಒಂದು ಪೌಂಡಿಗೆ ಹನ್ನೆರಡು ತೂಗಿದರೆ ಅದು 12 ಬೋರ್, ಪೌಂಡಿಗೆ 453.6 ಗ್ರಾಂ ಆದರೆ ಒಂದು ಗುಂಡಿನ ತೂಕವೆಷ್ಟು? 37.8 ಗ್ರಾಂ ಎಂದು ಹುಡುಗರು ಬೇಗನೆ ಹೇಳಿದರು. ಒಬ್ಬ ಹುಡುಗ ಎದ್ದುನಿಂತು, ತನ್ನ ಸೋದರಮಾವನ ಮನೆಯಲ್ಲಿಯೂ ಇಂಥದೊಂದು ಇದೆ, ತೊಗರಿಯ ಹೊಲಕ್ಕೆ ಕಾಡುಹಂದಿ ಬಂದರೆ ಹೊರತೆಗೆಯುತ್ತೇವೆಂದು ಮಾವ ಹೇಳುತ್ತಾರೆ ಎಂದ.

ಈ ಲೇಖನ ಬರೆಯಲು ಆ ಮಾತೇ ಕಾರಣ. ಕೊಡಗಿನ ವಿನಾಯಿತಿ ನಮ್ಮ ಸೀಮೆಗಿಲ್ಲ. 1959ರ ಆಯುಧ ಕಾಯಿದೆಯಂತೆ ಇಲ್ಲಿ ಪರವಾನಗಿ ಬೇಕು. ಪರವಾನಗಿದಾರರು ತೀರಿಕೊಂಡಿದ್ದರೆ ವಾರಸುದಾರರು ಬಂದೂಕನ್ನು ಪೊಲೀಸ್ ಠಾಣೆಯಲ್ಲಿಯೋ ಪರವಾನಗಿಯುಳ್ಳ ವ್ಯಾಪಾರಿಯಲ್ಲಿಯೋ ಒಪ್ಪಿಸಿ ಮುಂದಿನ ಕ್ರಮ ಕೈಕೊಳ್ಳಬೇಕು. ಪರವಾನಗಿ ಇದ್ದರೂ, ಬಲ್ಲವರಿಂದ ಪರೀಕ್ಷೆ ಮಾಡಿಸದೆ ಅದಕ್ಕೆ ತೋಟಾ ಹಾಕಬಾರದು. ಶಿಕ್ಷಕಬಂಧುಗಳು ಮಕ್ಕಳ ಮೂಲಕ ಇಷ್ಟನ್ನು ಮನೆಮನೆಗೆ ತಲುಪಿಸಿದರೆ ಒಳ್ಳೆಯದು. ಆ ಹುಡುಗನ ಸೋದರಮಾವನಿಗೆ ನಾವು ಆಗಲೇ ಒಂದು ಕಾಗದ ಬರೆದು ಅವನ ಕೈಯಲ್ಲೇ ಕಳಿಸಿದ್ದೇವೆ.