ಸದ್ದಿಲ್ಲದೆ ಬಂದ ಹಾಲು

1960ರ ದಶಕದ ಇಂಗ್ಲೆಂಡ್. ಬೆಳಗಿನ ಜಾವ, ಊರು ಇನ್ನೂ ಕಂಬಳಿಯೊಳಗಿದೆ. ಬೀದಿಯ ತಿರುವಿನಲ್ಲಿ ಗಾಡಿಯೊಂದು ಕಾಣಿಸಿಕೊಳ್ಳುತ್ತದೆ. ಎಂಜಿನ್ನಿನ ಗುಡುಗಿಲ್ಲ, ಹೊಗೆಯಿಲ್ಲ. ಕೇಳಿಸುವುದು ಮೋಟಾರಿನ ಸಣ್ಣ ಗುಂಯ್‌ಗುಡುವಿಕೆ ಮತ್ತು ಗಾಜಿನ ಬಾಟಲಿಗಳ ಕಿಣಿಕಿಣಿ. ಹಾಲಿನವನು ಇಳಿದು, ತುಂಬಿದ ಬಾಟಲಿಗಳನ್ನು ಹೊಸ್ತಿಲ ಬಳಿ ಇಟ್ಟು, ಖಾಲಿಯಾದವನ್ನು ಎತ್ತಿಕೊಂಡು ಹೊರಡುತ್ತಾನೆ. ನಾಲ್ಕು ಮಾರು ಹೋಗುವಷ್ಟರಲ್ಲಿ ಮತ್ತೆ ನಿಲ್ಲುತ್ತಾನೆ.

ವಿದ್ಯುತ್ ವಾಹನವೆಂದರೆ ನಿನ್ನೆ ಮೊನ್ನೆ ಬಂದ ಸೋಜಿಗವೆಂದು ತಿಳಿದ ವಿದ್ಯಾರ್ಥಿಗಳಿಗೆ ಈ ಗಾಡಿ ಅಚ್ಚರಿ ತರಬಹುದು. ಆ ಕಾಲದಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿದ್ದಷ್ಟು ಬ್ಯಾಟರಿ ಗಾಡಿಗಳು ಬೇರಾವ ದೇಶದಲ್ಲೂ ಇರಲಿಲ್ಲ. ಅವುಗಳಲ್ಲಿ ಹೆಚ್ಚಿನವು ಹಾಲಿನ ಗಾಡಿಗಳೇ. ಪರಿಸರದ ಮೇಲಿನ ಪ್ರೀತಿಯಿಂದ ಯಾರೂ ಅವನ್ನು ಕೊಂಡಿರಲಿಲ್ಲ. ಡೈರಿಗಳು ಲೆಕ್ಕ ಹಾಕಿಯೇ ಕೊಂಡವು.

ಅದಕ್ಕೂ ಮೊದಲು ಈ ಕೆಲಸ ಕುದುರೆಯದ್ದಾಗಿತ್ತು. ದಿನವೂ ಅದೇ ದಾರಿಯಲ್ಲಿ ಹೋಗುತ್ತಿದ್ದ ಕುದುರೆಗೆ ಮನೆಗಳೆಲ್ಲ ಬಾಯಿಪಾಠ. ಹಾಲಿನವನು ಬಾಗಿಲಿಗೆ ಹೋಗಿ ಬರುವಷ್ಟರಲ್ಲಿ ಅದೇ ಮುಂದಿನ ಮನೆಗೆ ನಡೆದಿರುತ್ತಿತ್ತು. ಈ ಒಂದು ಜಾಣತನವನ್ನು ಯಾವ ಮೋಟಾರೂ ಕಲಿಯಲಿಲ್ಲವೆನ್ನಿ!

ಪೆಟ್ರೋಲ್ ಎಂಜಿನ್ನಿಗೆ ಈ ನಿಂತು ನಿಂತು ಸಾಗುವ ಕೆಲಸ ಒಗ್ಗದು. ನಿಂತಲ್ಲೇ ಅದು ಇಂಧನ ಕುಡಿಯುತ್ತಿರುತ್ತದೆ. ಆರಿಸಿದರೆ ಮನೆಮನೆಗೂ ಮತ್ತೆ ಹೊತ್ತಿಸಬೇಕು. ನಿಂತ ಸ್ಥಿತಿಯಿಂದ ನೇರವಾಗಿ ಗಾಡಿ ಎಳೆಯಲಾರದ್ದರಿಂದಲೇ ಅದಕ್ಕೆ ಕ್ಲಚ್ಚು, ಗೇರುಗಳ ಊರುಗೋಲು ಬೇಕು. ವಿದ್ಯುತ್ ಮೋಟಾರು ನಿಂತಾಗ ಏನನ್ನೂ ಬೇಡುವುದಿಲ್ಲ. ಹೊರಡುವ ಕ್ಷಣದಲ್ಲೇ ಅದರ ತಿರುಗಿಸುವ ಬಲ ಅತ್ಯಧಿಕ. ಇಂದಿನ ವಾಹನಗಳಲ್ಲಂತೂ ಬ್ರೇಕ್ ಒತ್ತಿದಾಗ ಅದೇ ಮೋಟಾರು ಡೈನಮೋ ಆಗಿ, ಶಾಖವಾಗಿ ಪೋಲಾಗಬೇಕಿದ್ದ ಚಲನಶಕ್ತಿಯ ಒಂದು ಪಾಲನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ.

ಕೊರತೆಯೂ ಇತ್ತು. ಒಂದು ಕಿಲೋ ಡೀಸೆಲ್ಲಿನಲ್ಲಿ ಸುಮಾರು 12,000 ವಾಟ್-ಗಂಟೆಗಳಷ್ಟು ಶಕ್ತಿಯಿದ್ದರೆ, ಒಂದು ಕಿಲೋ ಸೀಸದ ಬ್ಯಾಟರಿ ಹಿಡಿದಿಡುವುದು 30ರಿಂದ 40 ಮಾತ್ರ. ಮನೆಯ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ 30 ಯೂನಿಟ್ ಬೇಕೆಂದರೆ ಹೆಚ್ಚುಕಡಿಮೆ ಒಂದು ಟನ್ ಬ್ಯಾಟರಿಯನ್ನೇ ಹೊರಬೇಕು. ಹಾಗಾಗಿ ಹಾಲಿನ ಗಾಡಿಯ ವೇಗ ಗಂಟೆಗೆ 25 ಕಿಲೋಮೀಟರಿನ ಆಸುಪಾಸು. ಆದರೆ ಹಾಲಿನವನಿಗೆ ಅವಸರವೇನಿತ್ತು? ದಾರಿ ಗೊತ್ತಿತ್ತು, ದೂರ ಗೊತ್ತಿತ್ತು, ಸುತ್ತು ಮುಗಿಸಿ ಡೈರಿಗೇ ಮರಳಬೇಕಿತ್ತು. ಅಲ್ಲಿ ಚಾರ್ಜಿಗೆ ಹಾಕಿದರೆ ಮರುದಿನದ ಸುತ್ತಿಗೆ ಗಾಡಿ ಸಿದ್ಧ.

ಇಷ್ಟಾದರೂ ಆ ಗಾಡಿಗಳು ಬಹುಮಟ್ಟಿಗೆ ಮರೆಯಾದವು. ಸೋಲಿಸಿದ್ದು ಪೆಟ್ರೋಲ್ ಅಲ್ಲ, ಅಡುಗೆಮನೆಯ ಫ್ರಿಜ್ ಮತ್ತು ಸೂಪರ್‌ಮಾರ್ಕೆಟ್ಟಿನ ಅಗ್ಗದ ಹಾಲು. ಮನೆಗೆ ಹಾಲು ತರಿಸುವ ರೂಢಿಯೇ ಸೊರಗಿದಾಗ ಗಾಡಿಗೇನು ಕೆಲಸ?

ಈಗ ಆ ರೂಢಿ ಬೇರೆ ವೇಷದಲ್ಲಿ ಬಂದಿದೆ. ಅಕ್ಕಿ, ಪುಸ್ತಕ, ಚಪ್ಪಲಿ ಎಲ್ಲವೂ ಬಾಗಿಲಿಗೇ ಬರುತ್ತವೆ. 2001ರಲ್ಲಿ ಸೀಸದ ಬ್ಯಾಟರಿಯ ರೇವಾ ಕಾರನ್ನು ರಸ್ತೆಗಿಳಿಸಿದ ಬೆಂಗಳೂರಿನಲ್ಲಿ ಇಂದು ವಿದ್ಯುತ್ ಸರಕು ಆಟೋಗಳು ಅಪಾರ್ಟ್‌ಮೆಂಟುಗಳ ಗೇಟಿನ ಮುಂದೆ ನಿಲ್ಲುತ್ತಿವೆ. 2020ರಲ್ಲಿ ಬಂದ ಮಹೀಂದ್ರ ಟ್ರಿಯೊ ಜೋರ್ ಏಳು ಯೂನಿಟ್ಟಿಗಿಂತ ತುಸು ಹೆಚ್ಚು ಹಿಡಿಯುವ ಲಿಥಿಯಂ ಬ್ಯಾಟರಿಯಿಂದ 550 ಕಿಲೋ ಸರಕು ಹೊರುತ್ತದೆ. ಕೆಲಸದ ಸ್ವರೂಪ ಮಾತ್ರ ಹಳೆಯದೇ: ಗೋದಾಮಿನಿಂದ ಹೊರಟು, ನೂರು ಕಡೆ ನಿಂತು, ಗೋದಾಮಿಗೇ ಮರಳುವುದು. ದೂರದೂರಿಗೆ ಸರಕು ಒಯ್ಯುವ ಲಾರಿಯ ಲೆಕ್ಕವೇ ಬೇರೆ. ಅದನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿಟ್ಟು ವಾದಿಸುವವರು ವೃಥಾ ಗಂಟಲು ನೋಯಿಸಿಕೊಳ್ಳುತ್ತಾರೆ.

ಚಾರ್ಜಿನ ಹೊತ್ತಿನದ್ದೂ ಒಂದು ಪ್ರಶ್ನೆಯೇ. ಮಧ್ಯಾಹ್ನ ಚಾರ್ಜಾದ ಆಟೋ ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕಿನ ಬಿಸಿಲನ್ನು ಉಣ್ಣಬಹುದು. ನಡುರಾತ್ರಿ ಸೂರ್ಯನಿಲ್ಲ. ಆಗ ಬರುವ ಕರೆಂಟಿನಲ್ಲಿ ರಾಯಚೂರಿನ ಕಲ್ಲಿದ್ದಲಿನ ಪಾಲೂ ಇರುತ್ತದೆ. ಶಾಲೆಯ ಬಸ್ಸಿಗೆ ಕಾದು ನಿಂತ ಮಗುವಿನ ಮೂಗಿನ ಬಳಿ ಹೊಗೆ ಕಡಿಮೆಯಾಯಿತು, ನಿಜ. ಒಂದಷ್ಟು ಹೊಗೆ ದೂರದ ಚಿಮಣಿಯಿಂದ ಬೇರೆ ಮಕ್ಕಳ ಊರಿನ ಮೇಲೆ ಏಳುತ್ತದೆ. ಸರಕು ತುಂಬುವ ಹಗಲು ಹೊತ್ತಿನಲ್ಲೇ ಗೋದಾಮಿನಲ್ಲಿ ಪ್ಲಗ್ ಸಿಗುವಂತಾದರೆ ಈ ಲೆಕ್ಕ ಬಹಳಷ್ಟು ಸುಧಾರಿಸುತ್ತದೆ.

ಚಾಲಕನಿಗೂ ಬೇಕಾಗಿರುವುದು ಅದೇ. ಪಾರ್ಸೆಲ್ಲಿಗೆ ಇಷ್ಟೆಂದು ಕೂಲಿ ಪಡೆಯುವವನು ನಡುದಾರಿಯಲ್ಲಿ ಚಾರ್ಜಿಗಾಗಿ ಎರಡು ಗಂಟೆ ಕಾದರೆ ಆ ಎರಡು ಗಂಟೆಯ ಸಂಪಾದನೆ ಹೋಯಿತು. ಇಂಗ್ಲೆಂಡಿನ ಹಾಲಿನವನಿಗೆ ಆ ಚಿಂತೆಯಿರಲಿಲ್ಲ. ಗಾಡಿಯನ್ನು ಡೈರಿಯ ಕೊಟ್ಟಿಗೆಯಲ್ಲಿ ಬಿಟ್ಟು, ವೈರು ಸಿಕ್ಕಿಸಿ, ಮನೆಗೆ ಹೋಗಿ ಮಲಗುತ್ತಿದ್ದ.