ಇಲ್ಲ, ಅಲ್ಲ, ಬೇಡ

ಪರೋಪಕಾರವು ಉತ್ತಮವಾದ ಗುಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಉಪಕಾರ ಮಾಡತಕ್ಕವರೂ ಅದನ್ನು ಪಡೆಯತಕ್ಕವರೂ ಎದುರುಬದುರಾಗಿ ಕುಳಿತು, ಏನು ಬೇಕು, ಹೇಗೆ ಬೇಕು ಎಂದು ಮಾತನಾಡಿಕೊಂಡ ಸಂದರ್ಭಗಳು ಲೋಕದಲ್ಲಿ ಬಹಳವಿಲ್ಲ. ಹಸಿದವನಿಗೆ ಅನ್ನವಿಕ್ಕುವುದಕ್ಕೆ ಹೆಚ್ಚಿನ ವಿಚಾರಣೆ ಬೇಕಾಗದು. ಎಲೆ ಹಾಕಿ ಬಡಿಸಿದರೆ ಸಾಕು. ಆದರೂ ನಮ್ಮ ಹಿರಿಯರು ಪಂಕ್ತಿಯಲ್ಲಿ "ಇನ್ನಷ್ಟು ಬಡಿಸಲೇ?" ಎಂದು ಕೇಳದೆ ಮುಂದಿನ ಎಲೆಗೆ ಹೋಗುತ್ತಿರಲಿಲ್ಲ. ಊಟದ ವಿಷಯದಲ್ಲಿ ನಾವು ತೋರುವ ಈ ಮರ್ಯಾದೆಯನ್ನು, ದೇಹದಲ್ಲಿಯೋ ಬುದ್ಧಿಯಲ್ಲಿಯೋ ಇತರರಂತೆ ನಡೆಯಲಾರದ ಮಕ್ಕಳ ವಿಷಯದಲ್ಲಿ ಮಾತ್ರ ಮರೆತುಬಿಡುತ್ತೇವೆ. ಅವರಿಗಾಗಿ ಶಾಲೆ, ಅವರಿಗಾಗಿ ಚಿಕಿತ್ಸೆ, ಅವರಿಗಾಗಿ ಶಿಬಿರ, ಅವರಿಗಾಗಿ ಗಾಲಿಕುರ್ಚಿ, ಎಲ್ಲವೂ ಅವರಿಗಾಗಿಯೇ. ಅವರನ್ನು ಕೇಳಿ ಏರ್ಪಟ್ಟದ್ದು ಮಾತ್ರ ಅತ್ಯಲ್ಪ. ಈ ವಿಷಯದಲ್ಲಿ ನಮ್ಮ ಮನೆಯ ಅನುಭವಕ್ಕೆ ಬಂದ ಕೆಲವು ಸಂಗತಿಗಳನ್ನು ವಾಚಕರ ಮುಂದಿಡುತ್ತಿದ್ದೇನೆ. ಇದು ಒಂದು ಮನೆಯ ಮಾತಲ್ಲ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಅಂಗವೈಕಲ್ಯವುಳ್ಳವರ ಸಂಖ್ಯೆ 13 ಲಕ್ಷವನ್ನು ಮೀರಿತ್ತು.

ನನ್ನ ತಂಗಿಯ ಮಗನಿಗೆ ಈಗ 19 ವರ್ಷ. ವೈದ್ಯರು ಸೆರೆಬ್ರಲ್ ಪಾಲ್ಸಿ ಎಂದು ಕರೆಯುವ ಸ್ಥಿತಿ ಅವನಿಗೆ ಹುಟ್ಟಿನಿಂದ ಒದಗಿದೆ. ಕೈಕಾಲುಗಳು ಅವನು ಹೇಳಿದಂತೆ ಕೇಳವು, ನಾಲಗೆಯೂ ಕೇಳದು. ಬುದ್ಧಿಯೊಂದು ಮಾತ್ರ ಸದಾ ಅವನ ಅಂಕೆಯಲ್ಲಿದೆ. ಅವನ 10ನೆಯ ವಯಸ್ಸಿನಲ್ಲಿ ಒಂದು ಶಿಬಿರದಲ್ಲಿ ಅವನಿಗೆ ಗಾಲಿಕುರ್ಚಿಯೊಂದು ದೊರೆಯಿತು. ಹಾರ, ಭಾಷಣ, ಛಾಯಾಚಿತ್ರ, ಎಲ್ಲವೂ ಯಥೋಚಿತವಾಗಿ ನಡೆದುವು. ಕುರ್ಚಿಯು ಪ್ರಾಯಕ್ಕೆ ಬಂದವರ ಅಳತೆಯದು. ಹುಡುಗನನ್ನು ಕೂರಿಸಿದರೆ ಎರಡು ಪಕ್ಕಗಳಲ್ಲಿಯೂ ಒಂದೊಂದು ದಿಂಬು ಹಿಡಿಯುವಷ್ಟು ಸ್ಥಳ ಉಳಿಯುತ್ತಿತ್ತು. ಬೆನ್ನು ಒಂದು ಕಡೆಗೆ ವಾಲುತ್ತಿತ್ತು. ತಂಗಿಯ ಮನೆ ಹಳೆಯ ಹೆಂಚಿನ ಮನೆ; ಬಾಗಿಲು ಕಿರಿದು, ಹೊಸ್ತಿಲು ಗೇಣೆತ್ತರ. ಕುರ್ಚಿಯು ಜಗಲಿಯನ್ನು ದಾಟಿ ಒಳಗೆ ಬರಲಿಲ್ಲ. ಕೆಲವು ಕಾಲ ಕಳೆದ ಮೇಲೆ ಅದರ ಮೇಲೆ ಹಪ್ಪಳ ಒಣಗತೊಡಗಿತು. ಕೊಟ್ಟವರ ಲೆಕ್ಕದಲ್ಲಿ ಒಬ್ಬ ಬಾಲಕನಿಗೆ ಸಹಾಯ ಸಂದಾಯವಾಗಿತ್ತು. "ನಿಮ್ಮ ಮನೆಯ ಬಾಗಿಲು ಎಷ್ಟಗಲ?" ಎಂದು ತಾಯಿಯನ್ನು ಯಾರಾದರೂ ಕೇಳಿದ್ದರೆ, ಅದೇ ಹಣದಲ್ಲಿ ಆ ಕುರ್ಚಿಯು ಮಗುವನ್ನು ಹೊತ್ತು ಓಡಾಡುತ್ತಿತ್ತು.

ಮರುವರ್ಷ ಅವನಿಗೆ ಮಾತಿನ ಫಲಕವೊಂದು ಬಂದಿತು. ಬಾಯಿಂದ ನುಡಿಯಲಾರದವರು ಚಿತ್ರಗಳನ್ನೂ ಪದಗಳನ್ನೂ ಬೆರಳಿನಿಂದ ತೋರಿಸಿ ತಮ್ಮ ಮನಸ್ಸನ್ನು ತಿಳಿಸುವ ಸಾಧನ ಅದು. ಬಹು ಉಪಯುಕ್ತವಾದ ವಸ್ತು. ಆದರೆ ಮೂಲದಲ್ಲಿ ಇಂಗ್ಲಿಷಿನಲ್ಲಿದ್ದುದನ್ನು ಯಾರೋ ಪದಕ್ಕೆ ಪದವಿಟ್ಟು ಕನ್ನಡಕ್ಕೆ ತಿರುಗಿಸಿದ್ದರು. ಅದರಲ್ಲಿ ನಿಷೇಧಕ್ಕೆ ಇದ್ದ ಪದ ಒಂದೇ: "ಇಲ್ಲ". ಹುಡುಗನಿಗೆ ಇದರಿಂದ ಒದಗಿದ ಸಂಕಟ ಅಷ್ಟಿಷ್ಟಲ್ಲ. "ನೋವಿದೆಯೇ?" ಎಂದರೆ "ಇಲ್ಲ" ಎನ್ನಬಹುದು. "ನೋವು ಕಾಲಿನದೋ?" ಎಂದು ಕೇಳಿದರೆ "ಅಲ್ಲ" ಎನ್ನಬೇಕು. "ಮದ್ದು ಕೊಡಲೇ?" ಎಂದರೆ "ಬೇಡ" ಎನ್ನಬೇಕು. ಈ ಮೂರಕ್ಕೂ ಒಂದೇ ಕಡೆ ಬೆರಳಿಟ್ಟರೆ ಕೇಳಿದವರಿಗೆ ಅರ್ಥವಾಗುವುದೇನು? ಕಾಲಿನ ನೋವಲ್ಲವೆಂದು ಅವನು ತೋರಿಸಿದ್ದನ್ನು ನೋವೇ ಇಲ್ಲವೆಂದು ತಿಳಿದು ಸುಮ್ಮನಾದ ದಿನಗಳೂ ಉಂಟು. ಒಂದು ಸಂಜೆ ಅವನು ತನ್ನ ಅಕ್ಕನನ್ನು ಹತ್ತಿರ ಕೂರಿಸಿಕೊಂಡು, ಸನ್ನೆಯಿಂದಲೂ ಅರೆನುಡಿಯಿಂದಲೂ ತಿಳಿಸಿ, ಹೊಸ ಫಲಕವನ್ನು ಬರೆಯಿಸಿದನು. ಮೇಲಿನ ಸಾಲಿನಲ್ಲಿ ಇಲ್ಲ, ಅಲ್ಲ, ಬೇಡ, ಸಾಕು. ಕೆಳಗೆ ವರ್ಣಮಾಲೆ, ಪಕ್ಕದಲ್ಲಿ ಕಾಗುಣಿತದ ಚಿಹ್ನೆಗಳು, ಒತ್ತಕ್ಷರಕ್ಕೆ ಬೇರೊಂದು ಗುರುತು. ಒಂದು ವ್ಯಂಜನವನ್ನೂ ಒಂದು ಚಿಹ್ನೆಯನ್ನೂ ಮುಟ್ಟಿದರೆ ಒಂದು ಅಕ್ಷರವಾಯಿತು. ರಟ್ಟಿನ ಮೇಲೆ ಮಸಿಯಿಂದ ಬರೆದ ಆ ಫಲಕಕ್ಕೆ ಆದ ವೆಚ್ಚ ಏನೂ ಇಲ್ಲ. ಅದನ್ನು ಕಂಡ ಮೇಲೆ ತಾಲ್ಲೂಕಿನ ಸಂಪನ್ಮೂಲ ಶಿಕ್ಷಕರು ಇನ್ನಿಬ್ಬರು ಮಕ್ಕಳಿಗೆ ಅದೇ ಕ್ರಮದಲ್ಲಿ ಬರೆದುಕೊಟ್ಟರು.

ಅವನು ಆರನೆಯ ತರಗತಿಯಲ್ಲಿದ್ದಾಗ ಮನೆಯಲ್ಲಿ ಒಂದು ದೊಡ್ಡ ವ್ಯಾಜ್ಯ ಹುಟ್ಟಿತು. ಶಿಕ್ಷಣ ಹಕ್ಕಿನ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿಯ ಮೇರೆಗೆ, ತೀವ್ರವಾದ ಅಥವಾ ಬಹುವಿಧವಾದ ವೈಕಲ್ಯವುಳ್ಳ ಮಗುವು ಮನೆಯಲ್ಲಿಯೇ ಪಾಠ ಹೇಳಿಸಿಕೊಳ್ಳುವ ಏರ್ಪಾಡನ್ನು ಆರಿಸಿಕೊಳ್ಳಬಹುದು. ತಂಗಿಗೆ ಇದೇ ಒಳ್ಳೆಯದೆಂದು ತೋರಿತು. ಅವಳ ಭಯಕ್ಕೆ ಆಧಾರವಿತ್ತು. ಹುಡುಗನು ಬೆಳಿಗ್ಗೆಯಿಂದ ಸಂಜೆಯವರೆಗೆ ಶಾಲೆಯಲ್ಲಿ ನೀರನ್ನೇ ಕುಡಿಯುತ್ತಿರಲಿಲ್ಲ. ಕುಡಿದರೆ ಶೌಚಾಲಯಕ್ಕೆ ಹೋಗಬೇಕಾಗುವುದಲ್ಲ! ಶಾಲೆಯ ಮುಂಬಾಗಿಲಿಗೆ ಅಂದವಾದ ಇಳಿಜಾರನ್ನು ಕಟ್ಟಿಸಿದ್ದರು. ಶೌಚಾಲಯವೋ ಮೈದಾನದ ಹಿಂಬದಿಯಲ್ಲಿ, ಎರಡು ಮೆಟ್ಟಿಲುಗಳ ಮೇಲೆ ಇತ್ತು. ಬೇಸಗೆಯಲ್ಲಿ ಮಗನು ಬಾಡಿದ ತುಟಿಗಳಿಂದ ಮನೆಗೆ ಬರುವುದನ್ನು ನೋಡಲಾರದೆ ಅವಳು ನನ್ನನ್ನು ಕರೆಸಿದಳು.

"ಅಣ್ಣ, ನೀನಾದರೂ ಅವನಿಗೆ ಬುದ್ಧಿ ಹೇಳು" ಎಂದಳು.

"ಹೇಳುವುದು ಆಮೇಲೆ ಇರಲಿ, ಮೊದಲು ಕೇಳೋಣ" ಎಂದೆ.

ಫಲಕವನ್ನು ಮುಂದಿಟ್ಟೆವು. ಅವನು ಒಂದೊಂದೇ ಅಕ್ಷರವನ್ನು ಮುಟ್ಟುತ್ತ ಹೋದನು. ಬಹಳ ಹೊತ್ತು ಹಿಡಿಯಿತು. ಮುಗಿದ ಮೇಲೆ ಓದಿದರೆ, "ಮನೆಯಲ್ಲಿ ಪಾಠ ಉಂಟು ಮಾವ, ಜಗಳಕ್ಕೆ ಯಾರೂ ಇಲ್ಲ" ಎಂದಿತ್ತು. ತಂಗಿಯು ಸೆರಗಿನಿಂದ ಕಣ್ಣೊರಸಿಕೊಂಡಳು, ಆದರೆ ಸೋಲಲಿಲ್ಲ. "ನೀರಿನ ಮಾತೇನು?" ಎಂದಳು. ಅವನು ಯೋಚಿಸಿ, "ಮೆಟ್ಟಿಲು ತೆಗೆಯಿಸಿ, ನನ್ನನ್ನು ಬಿಡಿಸಬೇಡಿ" ಎಂದು ತೋರಿಸಿದನು.

ಈ ಸಂಭಾಷಣೆಯಲ್ಲಿ ಒಂದು ಸೂಕ್ಷ್ಮವಿದೆಯೆಂದು ನನಗೆ ತೋರುತ್ತದೆ. ಕುಟುಂಬದವರನ್ನು ಕೇಳಿದರೆ ಮಗುವನ್ನು ಕೇಳಿದಂತೆಯೇ ಆಯಿತೆಂದು ಅನೇಕರು ಭಾವಿಸುತ್ತಾರೆ. ಆದರೆ ತಾಯಿಗೆ ತಿಳಿದುದು ಬೇರೆ, ಮಗನಿಗೆ ಬೇಕಾದುದು ಬೇರೆ. ಅವನು ನೀರು ಕುಡಿಯುತ್ತಿಲ್ಲವೆಂಬ ಸಂಗತಿ ಶಾಲೆಯಲ್ಲಿ ಯಾರಿಗೂ ತಿಳಿದಿರಲಿಲ್ಲ; ತಾಯಿಯೊಬ್ಬಳಿಗೇ ತಿಳಿದಿತ್ತು. ಅವನಿಗೆ ಜತೆಗಾರರು ಬೇಕೆಂಬುದು ತಾಯಿಗೆ ಅಷ್ಟಾಗಿ ಹೊಳೆದಿರಲಿಲ್ಲ, ಅವನೊಬ್ಬನಿಗೇ ಗೊತ್ತಿತ್ತು. ತಾಯಿಯನ್ನು ಮಾತ್ರ ಕೇಳಿದ್ದರೆ ಅವನು ಮನೆಯಲ್ಲಿ ಉಳಿಯುತ್ತಿದ್ದನು. ಅವನನ್ನು ಮಾತ್ರ ಕೇಳಿದ್ದರೆ ಬಾಯಾರಿಕೆಯಲ್ಲಿಯೇ ಓದುತ್ತಿದ್ದನು. ಇಬ್ಬರನ್ನೂ ಕೇಳಿದುದರಿಂದ ಮಾಡಬೇಕಾದ ಕೆಲಸವಾವುದೆಂಬುದು ಸ್ಪಷ್ಟವಾಯಿತು.

ಕೆಲಸವನ್ನು ಮಾಡಿಸುವುದಕ್ಕೆ ದಾರಿಯೂ ಕಾಯಿದೆಯಲ್ಲಿಯೇ ಇತ್ತು. 2009ರ ಶಿಕ್ಷಣ ಹಕ್ಕಿನ ಕಾಯಿದೆಯ ಪ್ರಕಾರ ಶಾಲೆಯ ಆಡಳಿತ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಗಳೇ ಇರತಕ್ಕದ್ದು. ಅವಕಾಶವಂಚಿತ ವರ್ಗದ ಮಕ್ಕಳ ಪೋಷಕರಿಗೆ ಸಂಖ್ಯೆಗೆ ತಕ್ಕ ಸ್ಥಾನವಿರತಕ್ಕದ್ದು. 2012ರ ತಿದ್ದುಪಡಿಯು ವೈಕಲ್ಯವುಳ್ಳ ಮಗುವನ್ನೂ ಆ ವರ್ಗಕ್ಕೆ ಸೇರಿಸಿತು. ಈ ಎರಡು ಮಾತುಗಳನ್ನು ಕೂಡಿಸಿ ಓದಿದವರು ವಿರಳ. ನಮ್ಮಲ್ಲಿ ಎಸ್.ಡಿ.ಎಂ.ಸಿ. ಎಂದು ಹೆಸರಾಗಿರುವ ಸಮಿತಿಯ ಮುಂದೆ ತಂಗಿಯು ಅವನ್ನು ಓದಿ ತೋರಿಸಿದಳು. ಸದಸ್ಯರು ಸಜ್ಜನರು, ಸ್ಥಾನ ಕೊಟ್ಟರು. ಮೂರು ತಿಂಗಳಲ್ಲಿ ಶೌಚಾಲಯದ ಮೆಟ್ಟಿಲು ಹೋಗಿ ಇಳಿಜಾರು ಬಂದಿತು, ಬಾಗಿಲು ಅಗಲವಾಯಿತು, ಗೋಡೆಗೆ ಹಿಡಿಕೆ ಬಂದಿತು, ಮಧ್ಯಾಹ್ನ ಭಾವನವರು ಬಂದು ಸಹಾಯ ಮಾಡಿ ಹೋಗುವುದಕ್ಕೆ ಅನುಮತಿಯೂ ದೊರೆಯಿತು. ಅಷ್ಟಕ್ಕೇ ನಿಲ್ಲದೆ, ಅವಳು ಇನ್ನು ನಾಲ್ಕು ಮನೆಗಳ ತಾಯಂದಿರನ್ನು ಕೂಡಿಸಿಕೊಂಡು ತಾಲ್ಲೂಕಿನ ಕೇಂದ್ರಕ್ಕೆ ಹೋಗಿ, ಅಂಗಸಾಧನೆಯ ದಿನವನ್ನು ಸಂತೆಯ ದಿನಕ್ಕೆ ಬದಲಾಯಿಸಿಕೊಡಬೇಕೆಂದು ಕೇಳಿದಳು. ಸಂತೆಯ ದಿನ ಬಸ್ಸುಗಳು ಹೆಚ್ಚು; ಕೂಲಿಯವರಿಗೆ ಬೇರೊಂದು ದಿನದ ಸಂಬಳ ತಪ್ಪುವುದಿಲ್ಲ. ದಿನ ಬದಲಾದ ಮೇಲೆ, ಹಿಂದೆ ಬಾರದಿದ್ದ ಮಕ್ಕಳೂ ಬರತೊಡಗಿದರು.

ಸೇವೆಯನ್ನು ಪಡೆಯತಕ್ಕವರೇ ಅದನ್ನು ರೂಪಿಸಿದ ನಿದರ್ಶನಗಳು ಚರಿತ್ರೆಯಲ್ಲಿಲ್ಲದೆ ಇಲ್ಲ. ಪ್ಯಾರಿಸ್ ನಗರದ ಅಂಧರ ಶಾಲೆಯಲ್ಲಿ ಕಣ್ಣುಳ್ಳವರು ತಮ್ಮ ಲಿಪಿಯನ್ನೇ ಕಾಗದದ ಮೇಲೆ ಉಬ್ಬಿಸಿ ಮಕ್ಕಳಿಗೆ ಓದಿಸುತ್ತಿದ್ದರು. ಕಣ್ಣಿಗೆ ಅಂದವಾದ ಅಕ್ಷರ ಬೆರಳಿಗೆ ತೊಡಕು. ಬಾರ್ಬಿಯೇ ಎಂಬಾತನು 12 ಚುಕ್ಕೆಗಳ ಬೇರೊಂದು ಬರವಣಿಗೆಯನ್ನು ತಂದನು; ಅದು ಬೆರಳ ತುದಿಗೆ ಒಮ್ಮೆಗೇ ಸಿಕ್ಕದಷ್ಟು ದೊಡ್ಡದು. ಅಲ್ಲಿಯೇ ಓದುತ್ತಿದ್ದ ಅಂಧ ಬಾಲಕ ಲೂಯಿ ಬ್ರೈಲನು 1824ರಲ್ಲಿ, ತನ್ನ 15ನೆಯ ವಯಸ್ಸಿನಲ್ಲಿ, ಅದನ್ನು 6 ಚುಕ್ಕೆಗಳಿಗೆ ಇಳಿಸಿದನು. ಬೆರಳಿಗೆ ಏನು ಹಿಡಿಯುವುದೆಂಬುದು ಬೆರಳಿನಿಂದ ಓದುವವನಿಗಲ್ಲದೆ ಮತ್ತಾರಿಗೆ ತಿಳಿದೀತು? ಆದರೆ ಶಾಲೆಯು ಅದನ್ನು ವಿಧಿಪೂರ್ವಕವಾಗಿ ಅಂಗೀಕರಿಸಿದುದು 1854ರಲ್ಲಿ, ಅವನು ತೀರಿಕೊಂಡ ಎರಡು ವರ್ಷಗಳ ಅನಂತರ. ಇಂದು ಕನ್ನಡವನ್ನೂ ಅದೇ 6 ಚುಕ್ಕೆಗಳಲ್ಲಿ ಓದುತ್ತಾರೆ.

ಅಷ್ಟು ದೂರ ಹೋಗಬೇಕಾದುದೂ ಇಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನಮ್ಮ ಓದುಗರು ಬಲ್ಲರು. ಪಂಚಾಕ್ಷರಿ ಗವಾಯಿಗಳು ಅಂಧರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಆಶ್ರಮವನ್ನು ನಡೆಸಿ 2010ರವರೆಗೆ ಬಾಳಿದ ಪುಟ್ಟರಾಜ ಗವಾಯಿಗಳೂ ಅಂಧರು. ಅಂಧ ಬಾಲಕನಿಗೆ ಅನ್ನವಿಟ್ಟರೆ ಸಾಲದು, ಅವನು ನಾಲ್ಕು ಜನರ ನಡುವೆ ತಲೆಯೆತ್ತಿ ಕುಳಿತುಕೊಳ್ಳುವಂತಹ ವಿದ್ಯೆಯನ್ನು ಕೊಡಬೇಕೆಂಬುದು ಅವರಿಗೆ ಯಾವ ವರದಿಯಿಂದಲೂ ತಿಳಿಯಬೇಕಾಗಿರಲಿಲ್ಲ. ಅಲ್ಲಿ ಕಲಿತ ಸಂಗೀತವೇ ಅನೇಕರಿಗೆ ಬದುಕಾಯಿತು.

"ಹೆತ್ತವರಿಗೆ ಹೆಗ್ಗಣ ಮುದ್ದು, ಅವರ ಮಾತನ್ನು ಕೇಳಿ ಏರ್ಪಾಡು ಮಾಡುವುದುಂಟೇ?" ಎಂದು ಕೆಲವರು ಆಕ್ಷೇಪಿಸಬಹುದು. ವೈದ್ಯಶಾಸ್ತ್ರವನ್ನೂ ಶಿಕ್ಷಣಶಾಸ್ತ್ರವನ್ನೂ ಬಲ್ಲವರ ಮಾತಿಗೆ ಬೆಲೆಯಿಲ್ಲವೆಂದು ಯಾರೂ ಹೇಳುತ್ತಿಲ್ಲ. ಸ್ನಾಯುವು ಹೇಗೆ ಬಿಗಿಯುವುದೆಂಬುದು ಚಿಕಿತ್ಸಕರಿಗೆ ಗೊತ್ತು. ಯಾವ ಹೊತ್ತಿನಲ್ಲಿ ಬಿಗಿಯುವುದೆಂಬುದು ಮನೆಯವರಿಗೆ ಗೊತ್ತು. ಬಿಗಿದಾಗ ಹೇಗಿರುವುದೆಂಬುದು ಹುಡುಗನಿಗೆ ಗೊತ್ತು. ಮೂರು ಅರಿವುಗಳೂ ಒಂದೆಡೆ ಸೇರಿದರೇ ಚಿಕಿತ್ಸೆ. ಕಾಯಿದೆಯೂ ಈ ತತ್ತ್ವವನ್ನು ಒಪ್ಪಿದೆ. ಭಾರತವು 2007ರಲ್ಲಿ ಸ್ಥಿರೀಕರಿಸಿದ ವಿಶ್ವಸಂಸ್ಥೆಯ ಒಡಂಬಡಿಕೆಯು, ವೈಕಲ್ಯವುಳ್ಳವರನ್ನು, ಅವರಲ್ಲಿ ಮಕ್ಕಳನ್ನೂ ಸೇರಿಸಿ, ಅವರ ಸಂಘಗಳ ಮೂಲಕ ವಿಚಾರಿಸಿಯೇ ಅವರ ವಿಷಯದ ಕಾಯಿದೆಗಳನ್ನೂ ನೀತಿಗಳನ್ನೂ ಮಾಡತಕ್ಕದ್ದೆಂದು ವಿಧಿಸುತ್ತದೆ. 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯಂತೆ, ಪ್ರತಿ ಜಿಲ್ಲೆಯ ಸ್ಥಳೀಯ ಸಮಿತಿಯ ಮೂವರಲ್ಲಿ ಒಬ್ಬರು ಸ್ವತಃ ವೈಕಲ್ಯವುಳ್ಳವರಾಗಿರಬೇಕು.

ಆ ಕಾಯಿದೆಯ ಮಾತು ನಮ್ಮ ಮನೆಯಲ್ಲಿಯೂ ಬಂದಿತು. ಕಳೆದ ವರ್ಷ ಹುಡುಗನಿಗೆ 18 ತುಂಬಿದಾಗ, ಹಣಕಾಸಿನ ಕಛೇರಿಯೊಂದರಲ್ಲಿ, ಅವನ ಹೆಸರಿನಲ್ಲಿ ಖಾತೆ ತೆರೆಯಬೇಕಾದರೆ ತಾಯಿಯು ಪಾಲಕಳೆಂಬ ಪತ್ರವನ್ನು ತರಬೇಕೆಂದರು. ತರುವುದು ಸುಲಭವೆಂದು ಹಿತೈಷಿಗಳೂ ಹೇಳಿದರು. ಎಲ್ಲರೂ ತಾಯಿಯ ಕಡೆಗೆ ತಿರುಗಿ ಮಾತನಾಡುತ್ತಿದ್ದರು. ಅವಳು ಯಾರಿಗೂ ಉತ್ತರ ಕೊಡದೆ ಫಲಕವನ್ನು ಮಗನ ಮುಂದೆ ಹಿಡಿದಳು. ಅವನ ಬೆರಳು ಮೇಲಿನ ಸಾಲಿಗೆ ಹೋಗಿ "ಬೇಡ" ಎಂಬ ಪದದ ಮೇಲೆ ನಿಂತಿತು. ವೈಕಲ್ಯವುಳ್ಳವರಿಗೂ ಇತರರಂತೆಯೇ ತಮ್ಮ ಹಣಕಾಸಿನ ವ್ಯವಹಾರವನ್ನು ನಡೆಸುವ ಅಧಿಕಾರವಿದೆಯೆಂದು 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 13ನೆಯ ಕಲಮು ಹೇಳುತ್ತದೆ. ಅದನ್ನು ತೋರಿಸಿದ ಮೇಲೆ ಹೆಬ್ಬೆಟ್ಟಿನ ಗುರುತಿನಿಂದ ಖಾತೆ ತೆರೆಯಿತು.

ಇಷ್ಟೆಲ್ಲ ಕಾಯಿದೆಗಳಿದ್ದರೂ ಕೊರತೆಯಾಗಿರುವುದು ಯಾವುದು? ನನಗೆ ತೋರುವ ಮಟ್ಟಿಗೆ, ಕಾಲ. ನಾವು ಒಂದು ನಿಮಿಷದಲ್ಲಿ ಆಡುವ ಮಾತಿಗೆ ಅವನಿಗೆ ಕಾಲು ಗಂಟೆ ಬೇಕು. ಸಭೆಗಳ ಕಾರ್ಯಕ್ರಮ ಪಟ್ಟಿಯಲ್ಲಿ ಆ ಕಾಲು ಗಂಟೆ ಇರುವುದಿಲ್ಲ. ಸದಸ್ಯರು ಎರಡು ಅಕ್ಷರಗಳನ್ನು ನೋಡಿ ಮೂರನೆಯದನ್ನು ತಾವೇ ಊಹಿಸುತ್ತಾರೆ, ಊಹೆಯೇ ನಿರ್ಣಯವಾಗುತ್ತದೆ. ನಮ್ಮ ಜಿಲ್ಲೆಯ ವಿದ್ಯಾವಂತ ಮನೆಗಳಲ್ಲಿ ಶಾಲಾಸಮಿತಿ, ಪಂಚಾಯತಿ, ಸೇವಾಸಂಘಗಳಲ್ಲಿ ಕುಳಿತುಕೊಳ್ಳುವವರು ಅನೇಕರಿದ್ದಾರೆ. ಅವರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಸಭೆಯ ತಿಳಿವಳಿಕೆ ಪತ್ರವನ್ನು ಆ ಮಕ್ಕಳ ಮನೆಗೂ ಕಳುಹಿಸಿ, ಅವರು ಬರಬಲ್ಲ ದಿನವನ್ನು ಕೇಳಿ ಗೊತ್ತುಮಾಡಿ, ಬಂದಾಗ ತಂದೆತಾಯಿಗಳ ಮುಖವನ್ನಲ್ಲದೆ ಮಗುವಿನ ಮುಖವನ್ನೂ ನೋಡಿ ಮಾತನಾಡಿ, ಬೆರಳು ಮೂರನೆಯ ಅಕ್ಷರವನ್ನು ಮುಟ್ಟುವವರೆಗೆ ಕಾಯಿರಿ. ಅದು "ಬೇಕು" ಎಂದಿರಬಹುದು, "ಬೇಡ" ಎಂದಿರಬಹುದು. ಯಾವುದೆಂದು ತಿಳಿದ ಮೇಲೆ ನಿರ್ಣಯವನ್ನು ಬರೆದರೆ ಸಾಕು.